ಗೋಸುಂಬೆಯ ಹೊಳಪು ಬಣ್ಣ

ಒಂದು ಕಾಡಿನಲ್ಲಿ, ಹಳ್ಳದ ಪಕ್ಕದ ದಿಬ್ಬದೊಳಗೆ ಒಂದು ಮುಳ್ಳುಹಂದಿ ಬಿಲ ಮಾಡಿಕೊಂಡಿತ್ತು. ಎಲ್ಲರೂ ಅವಳನ್ನು ಮುಳ್ಳಕ್ಕ ಎಂದು ಕರೆಯುತ್ತಿದ್ದರು. ಮುಳ್ಳಕ್ಕನಿಗೆ ಒಂದು ಚಾಳಿ. ಏನು ಕಂಡರೂ "ಅದು ಯಾಕೆ ಹಾಗೆ?" ಎಂದು ಕೇಳದೆ ಬಿಡುತ್ತಿರಲಿಲ್ಲ. ಹಳ್ಳದ ಕಪ್ಪೆಗಳಂತೂ ಅವಳು ಬರುವುದು ಕಂಡರೆ ನೀರಿಗೆ ಹಾರಿಬಿಡುತ್ತಿದ್ದವು.

ಇನ್ನು ಹತ್ತು ದಿನಕ್ಕೆ ಅವಳಿಗೆ ಮರಿ ಹುಟ್ಟಬೇಕಿತ್ತು. ಮುಳ್ಳುಹಂದಿಯ ಮರಿಗೆ ಹುಟ್ಟುವಾಗ ಮುಳ್ಳು ಎಳೆ ಹುಲ್ಲಿನ ಹಾಗೆ ಮೆತ್ತಗಿರುತ್ತದೆ. ಅದು ಗಟ್ಟಿಯಾಗುವವರೆಗೆ ಮರಿ ಬಿಲದೊಳಗೇ ಇರಬೇಕು. ಮುಳ್ಳಕ್ಕನ ಬಿಲದ ಗೋಡೆಯೋ ಕರ್ರಗಿತ್ತು. ನನ್ನ ಮರಿ ಮೊದಲು ನೋಡುವುದು ಈ ಗೋಡೆಯನ್ನಲ್ಲವೇ, ಬಣ್ಣ ಬಳಿಸೋಣ ಎಂದುಕೊಂಡಳು.

ಆ ಕಾಡಿನಲ್ಲಿ ಬಣ್ಣ ಬಳಿಯುವವನು ಗೋಸುಂಬೆ. ಮಾದರಿ ತೋರಿಸಲು ಅವನಿಗೆ ಹಲಗೆ ಬೇಕಿರಲಿಲ್ಲ. ಬಿಸಿಲಲ್ಲಿ ಕೊಂಬೆಯ ಮೇಲೆ ಕೂತು ತನ್ನ ಬೆನ್ನನ್ನೇ ತೋರಿಸುತ್ತಿದ್ದ.

"ಎಲೆ ಹಸಿರು ಬೇಕಾ ಅಕ್ಕ?" ಎಂದ. ಬೆನ್ನು ಹಸಿರಾಯಿತು. "ಅರಿಶಿನ?" ಬೆನ್ನು ಹಳದಿಯಾಗಿ ಮಿನುಗಿತು.

"ಅರಿಶಿನ ಚೆನ್ನಾಗಿದೆ. ಆದ್ರೆ ಅಣ್ಣ, ಬಿಲದೊಳಗೆ ಬೆಳಕು ಕಡಿಮೆ. ಅಲ್ಲೂ ಹೀಗೇ ಕಾಣುತ್ತಾ?"

"ಬಣ್ಣ ಎಲ್ಲಿದ್ರೂ ಬಣ್ಣವೇ."

"ಇದು ಯಾಕೆ ಇಷ್ಟು ಹೊಳೆಯುತ್ತೆ?"

"ಮರದ ಅಂಟು ಕಲಸ್ತೀನಿ. ಕೊಳೆಯಾದ್ರೆ ಒರೆಸಿಕೊಂಡರಾಯ್ತು. ಬರೀ ಜೇಡಿಮಣ್ಣು ಬಳಿಯೋಕೆ ಒಂದು ದೊನ್ನೆ ಗೆದ್ದಲು ಕೊಡು, ಸಾಕು. ಹೊಳಪಿಗೆ ಎಂಟು ದೊನ್ನೆ."

"ನನ್ನ ಗೋಡೆ ತೇವ. ಅಂಟು ಒಣಗುತ್ತಾ?"

ತೇವದ ಗೋಡೆಯ ಮೇಲೆ ಅಂಟು ಒಣಗುವುದಿಲ್ಲ ಎಂದು ಗೋಸುಂಬೆಗೆ ಚೆನ್ನಾಗಿ ಗೊತ್ತಿತ್ತು. ಆದರೆ ಎಂಟು ದೊನ್ನೆ ಗೆದ್ದಲು ಅವನ ಕಣ್ಣ ಮುಂದೆ ಕುಣಿಯುತ್ತಿತ್ತು. "ಸಂಜೆಯೊಳಗೆ ಕಲ್ಲಾಗುತ್ತೆ" ಎಂದ.

"ಹಾಗಾದ್ರೆ ಮೊದಲು ಒಂದು ಗೇಣು ಬಳಿದು ತೋರಿಸು."

ಗೋಸುಂಬೆ ಹೊರಗಿನ ಬಂಡೆಯ ಮೇಲೆ, ಸುಡುಬಿಸಿಲಲ್ಲಿ, ಒಂದು ಗೇಣು ಬಳಿದ. ಅದು ಬೇಗನೆ ಒಣಗಿ ಚಿನ್ನದ ಹಾಗೆ ಹೊಳೆಯಿತು. ಇಷ್ಟೆಲ್ಲ ಕೇಳಿದ ಮುಳ್ಳಕ್ಕ, ಗೋಡೆ ಬಿಟ್ಟು ಬಂಡೆಗೆ ಯಾಕೆ ಬಳಿದೆ ಎಂದು ಮಾತ್ರ ಕೇಳಲಿಲ್ಲ. ಚಿನ್ನದ ಬಣ್ಣ ಕಂಡರೆ ಎಂಥವರ ಬಾಯಿಯೂ ಕಟ್ಟಿಹೋಗುತ್ತದೆ.

ತುಂಬಿದ ಹೊಟ್ಟೆ ಹೊತ್ತುಕೊಂಡು ಮೂರು ದಿನ ಹುತ್ತ ಅಗೆದು ಎಂಟು ದೊನ್ನೆ ಗೆದ್ದಲು ಕೊಟ್ಟಳು. ಗೋಸುಂಬೆ ಗೋಡೆಗೆಲ್ಲ ಬಣ್ಣ ಬಳಿದು, ಸಂಜೆ ಅವಳನ್ನು ಒಳಗೆ ಕರೆದ.

ಅರಿಶಿನ ಎಲ್ಲಿದೆ? ಗೋಡೆ ಕೆಸರಿನ ಬಣ್ಣಕ್ಕಿತ್ತು. ಬಾಗಿಲ ಬೆಳಕು ಬಿದ್ದ ಕಡೆಯಲ್ಲೆಲ್ಲ ಆ ಹೊಳಪು ಗೋಡೆಯ ಉಬ್ಬುತಗ್ಗನ್ನು ಎತ್ತಿ ತೋರಿಸುತ್ತಿತ್ತು.

"ಇದು ನೀನು ತೋರಿಸಿದ ಬಣ್ಣವಾ ಅಣ್ಣ?"

"ಅದೇ ಬಣ್ಣ. ನಿನ್ನ ಕಣ್ಣೇ ಮಂಜಾಗಿರಬೇಕು."

"ಇರಬಹುದು. ಒಂದು ಸಲ ಗೋಡೆ ಹತ್ತಿ ನಿನ್ನ ಬೆನ್ನು ತೋರಿಸು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡ್ತೀನಿ. ಹೇಗೂ ಒಣಗಿದೆಯಲ್ಲ?"

ಅವಳು ಚುಚ್ಚಿ ಕೇಳಿದ್ದಲ್ಲ. ಅವಳಿಗೆ ನಿಜವಾಗಿ ತಿಳಿಯಬೇಕಿತ್ತು. ಗೋಸುಂಬೆ ಮಾತ್ರ ಪೇಚಿಗೆ ಸಿಕ್ಕಿದ. ಹತ್ತುವುದಿಲ್ಲ ಎಂದರೆ ಒಣಗಿಲ್ಲ ಎಂದು ಒಪ್ಪಿಕೊಂಡಂತೆ. ಗೆದ್ದಲನ್ನು ವಾಪಸು ಕೊಡೋಣವೆಂದರೆ ಅದು ಆಗಲೇ ಹೊಟ್ಟೆ ಸೇರಿತ್ತು. ಮೆಲ್ಲಗೆ ಗೋಡೆ ಹತ್ತಿದ. ಆ ಮಬ್ಬಿನಲ್ಲಿ ಅವನ ಬೆನ್ನೂ ಕೆಸರಿನ ಬಣ್ಣಕ್ಕೆ ತಿರುಗಿತು. ಇಳಿಯಲು ಕಾಲೆತ್ತಿದ. ಕಾಲು ಬರಲಿಲ್ಲ. ಬಾಲವೂ ಬರಲಿಲ್ಲ.

"ಅಕ್ಕ, ನನ್ನನ್ನು ಬಿಡಿಸು."

"ಯಾಕೆ, ಏನಾಯ್ತು?"

"ತೇವಕ್ಕೆ ಈ ಅಂಟು ಒಣಗಲ್ಲ ಅಕ್ಕ. ನನಗೆ ಮೊದಲೇ ಗೊತ್ತಿತ್ತು."

ಮುಳ್ಳಕ್ಕ ನೆಲದಲ್ಲಿ ಉದುರಿದ್ದ ತನ್ನದೇ ಒಂದು ಮುಳ್ಳನ್ನು ಎತ್ತಿ ಗೋಡೆಗೆ ಒತ್ತಿದಳು. ಅದು ಅಲ್ಲೇ ನಿಂತಿತು.

"ನನ್ನ ಮರಿ ಇಲ್ಲಿ ಒರಗಿದ್ರೆ ಎಳೆ ಮುಳ್ಳೆಲ್ಲ ಚರ್ಮದ ಸಮೇತ ಕಿತ್ತು ಬರ್ತಿತ್ತು. ಅದೂ ಗೊತ್ತಿತ್ತಾ ನಿನಗೆ?"

ನಾಚಿಕೆಗೆ ಯಾವ ಬಣ್ಣ ಎಂದು ತಿಳಿಯದೆ ಗೋಸುಂಬೆಯ ಮೈ ಒಂದೊಂದು ಗಳಿಗೆಗೆ ಒಂದೊಂದು ಬಣ್ಣ ತಿರುಗಿತು.

ಮುಳ್ಳಕ್ಕ ಒಣಮಣ್ಣು ಎರಚಿ ಅವನನ್ನು ಬಿಡಿಸಿದಳು. ಆದರೆ ಹಾಗೇ ಕಳಿಸಲಿಲ್ಲ. ಎರಡು ದಿನ ತನ್ನ ಉಗುರಿನಿಂದಲೇ ಅವನು ಅಷ್ಟೂ ಗೋಡೆ ಕೆರೆಯಬೇಕಾಯಿತು. ಆಮೇಲೆ ಮುಳ್ಳಕ್ಕ ಗೋಡೆಯ ಮೂಲೆಯಲ್ಲಿ ಒಂದು ಗೇಣು ಬಿಳಿ ಜೇಡಿಮಣ್ಣು ಬಳಿಸಿದಳು. ಬೆಳಿಗ್ಗೆ ನೋಡಿದಳು, ಮಧ್ಯಾಹ್ನ ನೋಡಿದಳು, ಸಂಜೆ ಮುಳ್ಳು ಒತ್ತಿ ನೋಡಿದಳು. ಮುಳ್ಳು ಕೆಳಗೆ ಬಿತ್ತು. "ಈಗ ಉಳಿದದ್ದು ಬಳಿ" ಎಂದಳು.

ಆ ಬಿಳಿಗೆ ಹೊಳಪಿರಲಿಲ್ಲ, ಆದರೆ ಬಿಲದ ಒಳಗೆಲ್ಲ ಬೆಳಕಾಯಿತು. ಎರಡು ದಿನ ಬಿಟ್ಟು ಅವಳಿಗೆ ಎರಡು ಮರಿ ಹುಟ್ಟಿದವು. ಎರಡೂ ಹಾಲು ಕುಡಿದು ಗೋಡೆಗೆ ಒರಗಿ ಮಲಗಿದವು. ಒಂದು ಮುಳ್ಳೂ ಉದುರಲಿಲ್ಲ.

ಗೋಸುಂಬೆಗೆ ಆ ಹೆದರಿಕೆ ಇನ್ನೂ ಹೋಗಿಲ್ಲ. ಇವತ್ತಿಗೂ ಅವನು ಕಾಲೆತ್ತಿ, ಹಿಂದೆ ಮುಂದೆ ತೂಗಿ, ಅಂಟುತ್ತದೋ ಏನೋ ಎಂದು ನೋಡಿಕೊಂಡೇ ಮುಂದಿನ ಹೆಜ್ಜೆ ಇಡುತ್ತಾನೆ.

ನೀತಿ: ಬೇರೆಲ್ಲೋ ಹೊಳೆಯುವುದನ್ನು ಕಂಡು ಮರುಳಾಗದೆ ನಮ್ಮ ಗೋಡೆಯ ಮೇಲೆಯೇ ಬಳಿದು ನೋಡಬೇಕು. ಪರರಿಗೆ ಕೇಡಾಗುವ ಸುಳ್ಳು ಹೇಳಿದವನು ಆ ಸುಳ್ಳಿಗೆ ತಾನೇ ಸಿಕ್ಕಿಬೀಳುತ್ತಾನೆ.