ಹಿಂದುಮುಂದಾದ ರಾಗ

“ನಾದಗಿರಿಯ ಮಹಾಜನಗಳೇ ಕೇಳಿ! ರಾಜಕುಮಾರಿ ಹೊನ್ನಾಂಬೆಯವರು ಮೂರು ನಾದ ಕೇಳಿಸುತ್ತಾರೆ. ಮೂರರ ಒಗಟನ್ನೂ ಬಿಡಿಸಿದವನು ಬೇಡಿದ್ದನ್ನು ಪಡೆಯಬಹುದು, ಅರ್ಧ ರಾಜ್ಯವಾದರೂ ಸರಿ. ತಪ್ಪಿದವನಿಗೆ ಹುಣ್ಣಿಮೆಯ ದಿನ ತಲೆದಂಡ!” ಹೀಗೆಂದು ದೊರೆ ಊರೂರಲ್ಲಿ ಡಂಗುರ ಹೊಡೆಸಿದ.

ರಾಜಕುಮಾರಿಯ ಬಳಿ ಒಂದು ಕಂಪ್ಯೂಟರ್ ಇತ್ತು, ಅದರಲ್ಲಿ ಹಾಡು ಕಟ್ಟುವ ಸಾಫ್ಟ್‌ವೇರ್ ಇತ್ತು. ದೊರೆಗಳ ಕಾಲದಲ್ಲಿ ಅದೆಲ್ಲಿಂದ ಬಂತು ಎಂದು ಮೂಗು ಮುರಿಯಬೇಡಿ. ಕತೆ ನನ್ನದು, ಇತ್ತು ಅಂದರೆ ಇತ್ತು.

ಹನ್ನೊಂದು ಮಂದಿ ಬಂದರು, ಹನ್ನೊಂದು ಮಂದಿಯೂ ಸೆರೆಮನೆ ಸೇರಿದರು. ಕೊನೆಯವನು ಕೊಳಲೂದುವ ಲಕ್ಕಣ್ಣ. ಅವನ ತಮ್ಮ ಚೆನ್ನಬೊಮ್ಮ ಗಂಟೆ ಎರಕ ಹೊಯ್ಯುವವನು. ಅಪ್ಪ ಅಮ್ಮ ಇಲ್ಲದ ತನ್ನನ್ನು ಎತ್ತಿ ಸಾಕಿದ ಅಣ್ಣನ ತಲೆ ಹೋಗುತ್ತದೆಂದು ಕೇಳಿ ಅವನಿಗೆ ಅನ್ನ ಸೇರಲಿಲ್ಲ. ರಾಜ್ಯ ಯಾರಿಗೆ ಬೇಕು, ಅಣ್ಣ ಬಂದರೆ ಸಾಕು ಎಂದುಕೊಂಡು ಹುಣ್ಣಿಮೆಯ ಬೆಳಿಗ್ಗೆ ಮಸಿ ಮೆತ್ತಿದ ಪಂಚೆಯಲ್ಲೇ ಅರಮನೆಗೆ ನಡೆದ.

ಅಲ್ಲಿ ಅವನಿಗಿಂತ ಮುಂಚೆ ಮಂತ್ರಿಯ ಮಗನೂ ಒಬ್ಬ ಪಂಡಿತನೂ ಕೂತಿದ್ದರು. ರಾಜಕುಮಾರಿ ಮೊದಲ ನಾದ ಕೇಳಿಸಿದಳು. ಅದು ಸಣ್ಣಗೆ ಶುರುವಾಗಿ, ಉಬ್ಬುತ್ತಾ ಬಂದು, ತಟ್ಟನೆ ನಿಂತಿತು. “ಮೊದಲು ಬಾಲ ಬರುತ್ತದೆ, ಆಮೇಲೆ ಮೈ ಬರುತ್ತದೆ, ತಲೆ ಕಾಣುತ್ತಲೇ ಪ್ರಾಣ ಹೋಗುತ್ತದೆ. ಯಾವುದಿದು?” ಎಂದಳು.

ಮಂತ್ರಿಯ ಮಗ ಬಿರುಗಾಳಿ ಎಂದ. ಭಟರು ಅವನನ್ನು ಕರೆದೊಯ್ದರು. ಪಂಡಿತ ಆನೆ ಎಂದ, ಅವನನ್ನೂ ಕರೆದೊಯ್ದರು. ಚೆನ್ನಬೊಮ್ಮ ಕಣ್ಣು ಮುಚ್ಚಿ ನಾದವನ್ನು ಇನ್ನೊಮ್ಮೆ ಕೇಳಿದ. ಹೊಸ ಗಂಟೆಗೆ ಒಂದು ಪೆಟ್ಟು ಕೊಟ್ಟು, ದನಿ ಪೂರ್ತಿ ಅಡಗುವ ತನಕ ಕಿವಿಗೊಟ್ಟು ಬಿರುಕು ಹುಡುಕುವುದು ಅವನ ದಿನದ ಕೆಲಸ.

“ಗಂಟೆ, ಅಮ್ಮಣ್ಣಿಯವರೇ. ದನಿಯನ್ನು ತಿರುಗಿಸಿದ್ದೀರಿ. ಅದಕ್ಕೇ ಗುಂಯ್ ಅನ್ನೋದು ಮೊದಲು ಬಂತು, ಪೆಟ್ಟು ಕೊನೆಗೆ ಬಿತ್ತು. ಅಂದಹಾಗೆ, ಆ ಗಂಟೆ ಬಿರುಕು ಬಿಟ್ಟಿದೆ.”

ರಾಜಕುಮಾರಿ ನೆಟ್ಟಗೆ ಕೂತಳು. ಎರಡನೆಯದರಲ್ಲಿ ಒಬ್ಬ ಹೆಂಗಸು ಹಾಡುತ್ತಿದ್ದಳು. ಆದರೆ ಅವಳು ಬಾಯಿ ತೆರೆಯುವ ಮುಂಚೆಯೇ ಮಾರ್ದನಿ ಕೇಳುತ್ತಿತ್ತು. ಒಡತಿಗಿಂತ ಮುಂದೆ ಬರುವ ಈ ದಾಸಿ ಹುಟ್ಟಿದ್ದು ಹೇಗೆ ಎಂಬುದು ಒಗಟು.

ಚೆನ್ನಬೊಮ್ಮ ನಿಧಾನವಾಗಿ ಯೋಚಿಸಿದ. ಬಾವಿಯಲ್ಲಿ ಕೂಗಿದರೆ ಮಾರ್ದನಿ ಹಿಂದೆಯೇ ಬರುತ್ತದೆ. ಹಾಗಾದರೆ ಹಾಡನ್ನು ತಿರುಗಿಸಿ, ತಿರುಗಿದ ಹಾಡಿಗೆ ಮಾರ್ದನಿ ಹಚ್ಚಿ, ಎರಡನ್ನೂ ಒಟ್ಟಿಗೆ ಮತ್ತೆ ತಿರುಗಿಸಿರಬೇಕು. ಹಾಡು ನೆಟ್ಟಗಾಯಿತು, ಮಾರ್ದನಿ ಮುಂದಾಯಿತು. ಹಾಗೆಂದೇ ಹೇಳಿದ, ಅದೂ ಸರಿಹೋಯಿತು.

ಮೂರನೆಯದು ವೀಣೆ. ಲಕ್ಕಣ್ಣ ಮುಗ್ಗರಿಸಿದ್ದು ಇಲ್ಲೇ. “ಇದನ್ನು ಹೀಗೆ ಕೇಳಿದರೂ ಪರದೇಶಿ, ತಿರುಗಿಸಿ ಕೇಳಿದರೂ ಪರದೇಶಿ. ಇದರ ಮನೆ ಎಲ್ಲಿ?” ಎಂದಳು ರಾಜಕುಮಾರಿ.

ಎರಡೂ ರೀತಿ ಕೇಳಿಸಿ ಎಂದು ಚೆನ್ನಬೊಮ್ಮ ಬೇಡಿಕೊಂಡ.

“ಮೀಟು ನೆಟ್ಟಗಿದೆ, ಸ್ವರಗಳ ಸಾಲು ಮಾತ್ರ ಹಿಂದುಮುಂದಾಗಿದೆ. ಇಡೀ ಹಾಡನ್ನು ತಿರುಗಿಸಿದರೆ ಸಾಲು ಸರಿಹೋಗುತ್ತದೆ, ಮೀಟು ಆ ಗಂಟೆಯ ಹಾಗೆ ಕೆಡುತ್ತದೆ. ಒಂದೊಂದು ಸ್ವರವನ್ನೂ ಬಿಡಿಸಿಕೊಂಡು, ಕಡೆಯದನ್ನು ಮೊದಲಿಟ್ಟು ಜೋಡಿಸಿ ನೋಡಿ.”

ಅವಳು ಪರದೆಯ ಮೇಲೆ ಸ್ವರಗಳನ್ನು ಒಂದೊಂದಾಗಿ ಕತ್ತರಿಸಿ ಸಾಲಾಗಿ ಇಟ್ಟಳು. ವೀಣೆ ನುಡಿಯಿತು. ನಾಲ್ಕು ಸ್ವರ ಕೇಳುವಷ್ಟರಲ್ಲಿ ಅವಳ ಕಣ್ಣು ತುಂಬಿಬಂತು. ಅವಳ ಏಳನೇ ವಯಸ್ಸಿನಲ್ಲಿ ತೀರಿಕೊಂಡ ರಾಣಿ ದಿನವೂ ಗುನುಗುತ್ತಿದ್ದ ಜೋಗುಳ ಅದು. ಮಗಳು ದೊಡ್ಡವಳಾಗಿ ಬಿಡಿಸಿಕೊಳ್ಳಲಿ ಎಂದು ರಾಣಿಯೇ ಹಾಗೆ ಹೆಣೆದು ಇಟ್ಟುಹೋಗಿದ್ದಳು. ಇದನ್ನು ಬಿಡಿಸುವವರು ಸಿಗಲಿ ಎಂದೇ ಅಪ್ಪನಿಗೆ ಹೇಳಿ ಡಂಗುರ ಹೊಡೆಸಿದೆ ಎಂದು ಅವಳು ಅಳುತ್ತಾ ಹೇಳಿದಳು.

“ಅಂದರೆ ಉತ್ತರ ನಿಮಗೂ ಗೊತ್ತಿರಲಿಲ್ಲ,” ಎಂದ ಚೆನ್ನಬೊಮ್ಮ. “ನಿಮಗೇ ಗೊತ್ತಿಲ್ಲದ್ದಕ್ಕೆ ನಮ್ಮಣ್ಣನ ತಲೆ ಕೇಳಿದಿರಲ್ಲ.”

ಮಗಳ ಪಕ್ಕದಲ್ಲಿ ಕೂತಿದ್ದ ದೊರೆ ತಲೆ ತಗ್ಗಿಸಿಕೊಂಡೇ ಏನು ಬೇಕೋ ಕೇಳು ಎಂದಾಗ, ಅಣ್ಣನನ್ನು ಕೊಡಿ ಎಂದಷ್ಟೇ ಚೆನ್ನಬೊಮ್ಮ ಹೇಳಿದ. ರಾಜಕುಮಾರಿ ಬೀಗದ ಕೈ ತೆಗೆದುಕೊಂಡು ತಾನೇ ಸೆರೆಮನೆಗೆ ನಡೆದಳು. ಹದಿಮೂರೂ ಮಂದಿಯನ್ನು ಬಿಟ್ಟು, ಒಬ್ಬೊಬ್ಬರ ಎದುರೂ ನಿಂತು ತಪ್ಪಾಯಿತು ಎಂದಳು.

ಲಕ್ಕಣ್ಣ ಹೊರಗೆ ಬಂದವನು ತಮ್ಮನನ್ನು ಕಂಡು ಉರಿದುಬಿದ್ದ. “ತಲೆ ಕೆಟ್ಟಿತ್ತೇನೋ ನಿನಗೆ? ನೀನೂ ಹೋಗಿದ್ದರೆ ನಾನೇನು ಮಾಡಬೇಕಿತ್ತು?” ಎಂದು ಬೈದ. ಬೈಯುತ್ತಲೇ ತಮ್ಮನನ್ನು ಬಾಚಿ ತಬ್ಬಿಕೊಂಡ.