ಐಗಳು ಕಟ್ಟಿಟ್ಟ ಮರಳಿನ ಗಂಟು

ಕೇಳಿ ಮಕ್ಕಳೇ. ಬಹಳ ಹಿಂದೆ, ನಮ್ಮಜ್ಜಿಯ ಅಜ್ಜಿಯೂ ಹುಟ್ಟದ ಕಾಲಕ್ಕೆ, ಹೊಳೆ ಕಡಲು ಸೇರುವಲ್ಲಿ ಒಂದು ಊರಿತ್ತಂತೆ. ಅಲ್ಲಿ ಸಾಂತಯ್ಯ ಐಗಳು ಅಂತ ಒಬ್ಬ ಮೇಷ್ಟ್ರು. ಜಗಲಿಯ ಮೇಲೆ ನಯವಾದ ಮರಳು ಹರಡಿ, ಮಕ್ಕಳ ಬೆರಳು ಹಿಡಿದು ಅಕ್ಷರ ತಿದ್ದಿಸುವುದು ಅವರ ಕೆಲಸ.

ಪ್ರಾಯದಲ್ಲಿ ಅವರು ಕಡಲಾಚೆಯ ದೊಡ್ಡ ವಿದ್ಯಾಶಾಲೆಯಲ್ಲಿ ಓದಿ ಬಂದವರಂತೆ. ಬಂದು ಇಪ್ಪತ್ತು ವರ್ಷವಾದರೂ ಆ ಕಡೆಯ ಗಾಳಿ ಬೀಸಿದರೆ ಪಾಠ ಅಲ್ಲೇ ನಿಂತುಬಿಡುತ್ತಿತ್ತಂತೆ. ಒಂದು ದಿನ ಅಲ್ಲಿಂದ ಓಲೆ ಬಂತು. ಹಿರಿಯ ಗುರುಗಳ ಪೀಠ ಬರಿದಾಗಿದೆ, ಬಂದು ಕೂರಬೇಕು. ಐಗಳ ಕಣ್ಣಲ್ಲಿ ನೀರೇ ಬಂತಂತೆ. ಹೋಗಬೇಕು, ಹೋಗಲೇಬೇಕು. ಆದರೆ ಒಂಬತ್ತು ಮಕ್ಕಳ ಓದು ಇನ್ನೂ ಅರ್ಧಕ್ಕಿದೆ. ಊರಲ್ಲಿ ಅಕ್ಷರ ಬಲ್ಲವರು ಬೇರೊಬ್ಬರಿಲ್ಲ. ಇವರನ್ನು ಯಾರ ಕೈಗೆ ಕೊಡುವುದು?

ಹೊರಡಲು ನೋಡಿಟ್ಟ ಒಳ್ಳೆಯ ದಿನ ಬಂತು, ಹಡಗು ಬರಲಿಲ್ಲ. ಅಂಥ ಹೊತ್ತಲ್ಲಿ ಪ್ರಸ್ಥಾನ ಇಡುವುದು ಆಗಿನ ಪದ್ಧತಿ. ಪ್ರಿಯವಾದ ವಸ್ತುವೊಂದನ್ನು ಗಂಟು ಕಟ್ಟಿ ದಾರಿಯ ಮನೆಯಲ್ಲಿ ಇಟ್ಟರಾಯಿತು, ಆಸಾಮಿ ಹೊರಟ ಹಾಗೇ. ಆಮೇಲೆ ತನ್ನ ಹೊಸಿಲು ತುಳಿಯುವಂತಿಲ್ಲ. ಐಗಳು ಏನು ಕಟ್ಟಿದರು ಅಂತೀರಿ? ಜಗಲಿಯ ಮರಳನ್ನೇ! ಅಷ್ಟು ದೊಡ್ಡ ಪಂಡಿತರಿಗೆ, ನಾಳೆ ಮಕ್ಕಳು ಏತರ ಮೇಲೆ ಬರೀಬೇಕು ಅಂತ ಹೊಳೆಯಲೇ ಇಲ್ಲವಂತೆ.

ಗಂಟು ಇಟ್ಟದ್ದು ದೋಣಿ ಕಟ್ಟುವ ಕಡವಿನ ಬಳಿ, ಬಲೆ ಹೆಣೆಯುವ ಮುತ್ತಕ್ಕನ ಮನೆಯಲ್ಲಿ. ಅವಳ ತಲೆಯೆಲ್ಲ ನರೆತಿತ್ತು. ಐಗಳೂ ಅವಳ ಚಾವಡಿಯಲ್ಲೇ ಉಳಿದರು. ಮಾರನೇ ದಿನ ಮರಳು ಹುಡುಕಿಕೊಂಡು ಒಂಬತ್ತೂ ಮಕ್ಕಳು ಅಲ್ಲಿಗೇ ಬಂದರು. ಗಂಟು ಬಿಚ್ಚಿದರು, ಪಾಠ ನಡೆಯಿತು. ಮಳೆಗಾಲ ಬಂತು, ಹೋಯಿತು, ಹಡಗು ಬರಲಿಲ್ಲ. ಇನ್ನೊಂದು ಬಂತು, ಹೋಯಿತು, ಹಡಗು ಬರಲಿಲ್ಲ. ಮುತ್ತಕ್ಕ ಬಲೆ ಹೆಣೆಯುತ್ತಾ ಪಾಠ ಕೇಳಿದಳು, ದಿನಾ ಕೇಳಿದಳು.

ಒಂದು ಬೆಳಿಗ್ಗೆ ಐಗಳು ಹೊಳೆಯಲ್ಲಿ ಮಿಂದು ಬಂದರೆ, ಮುತ್ತಕ್ಕ ಚಿಕ್ಕ ಕೂಸೊಂದರ ಬೆರಳು ಹಿಡಿದು ಮರಳಲ್ಲಿ ತಿದ್ದಿಸುತ್ತಿದ್ದಾಳೆ. ಒಂದಕ್ಷರವೂ ತಪ್ಪಿಲ್ಲ. ಐಗಳಿಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತಂತೆ. ಸಂಕಟವೂ ಆಯಿತಂತೆ, ಉಳಿಯಲು ಇನ್ನು ನೆಪವೇ ಇಲ್ಲವಲ್ಲ. ಅವತ್ತೇ ದೂರದಲ್ಲಿ ಹಾಯಿ ಕಂಡಿತು.

ದೋಣಿ ಹತ್ತುವಾಗ ಮುತ್ತಕ್ಕ ಗಂಟು ಕಟ್ಟಿ ತಂದಳು. "ಐಗಳೇ, ಪ್ರಸ್ಥಾನ ಬಿಟ್ಟು ಹೋದರೆ ಹೋದ ಹಾಗೆ ಆಗುವುದಿಲ್ಲ ಮತ್ತೆ!"

"ಆಗದಿದ್ದರೆ ಬೇಡ ಮುತ್ತಕ್ಕ, ನಿನ್ನ ಹತ್ತಿರವೇ ಇರಲಿ," ಅಂದರಂತೆ.

ಅಲ್ಲಿ ಪೀಠದಲ್ಲಿ ಕೂತರು, ಸಾವಿರ ಶಿಷ್ಯರಾದರು ಅಂತಾರೆ. ಪಾಠದ ನಡುವೆ ಅಂಗೈ ತಾನಾಗೇ ಇಲ್ಲದ ಮರಳನ್ನು ಸವರುತ್ತಿತ್ತು ಅಂತಲೂ ಅಂತಾರೆ. ತಿರುಗಿ ಬರಲಿಲ್ಲ.

ಈಗಲೂ ಆ ಊರಿಂದ ಯಾರೇ ಕಡಲಾಚೆಗೆ ಹೊರಡಲಿ, ಒಂದು ಹಿಡಿ ಮರಳನ್ನು ಆ ಚಾವಡಿಯಲ್ಲಿ ಇಟ್ಟೇ ಹೊರಡುತ್ತಾರೆ. ಊರ ಕೂಸುಗಳಿಗೆ ಮೊದಲ ಅಕ್ಷರ ಆ ಮರಳಲ್ಲೇ. ಐಗಳು ಎಲ್ಲಿ ಅಂತ ಕೇಳಿ ನೋಡಿ, ಹೋದರು ಅಂತ ಒಬ್ಬರೂ ಹೇಳುವುದಿಲ್ಲ. ಹೊರಟಿದ್ದಾರೆ, ಅಂತಾರೆ.