ಮರ ಕಿರುಗುಡುವ ಸದ್ದು

"ಬುದ್ಧೀ, ಮನಸ್ಸಿಗೆ ನೋವಾದವರು ಮರುದಿನವೇ ನಗುತ್ತಾ ಅನ್ನ ಬಡಿಸುತ್ತಾರೆಯೇ?" ಎಂದು ಶಂಭುಲಿಂಗ ಗುರುಗಳನ್ನು ಕೇಳಿದ.

ಅವನು ಮಠದ ಅಡುಗೆಮನೆಯ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಶಿಷ್ಯ. ಹಿಂದಿನ ದಿನ ಸಾರಿಗೆ ಉಪ್ಪು ಹೆಚ್ಚಾಗಿತ್ತು. ಕೈ ನಡುಗುವವರು ಒಲೆಯ ಹತ್ತಿರ ಬರಬಾರದು, ಮನೆಯಲ್ಲಿ ಬಿದ್ದಿರಬೇಕು ಎಂದು ಪಂಕ್ತಿಯಲ್ಲಿ ಕೂತವರೆಲ್ಲರ ಎದುರು ಅಡುಗೆಯ ಕಾಳಮ್ಮನಿಗೆ ಅಂದುಬಿಟ್ಟಿದ್ದ. ಅಂದವನೇ ಅಲ್ಲಿಂದ ಹೊರಟುಹೋಗಿದ್ದ. ಇವತ್ತು ಕಾಳಮ್ಮ ಎಂದಿನಂತೆ ನಗುನಗುತ್ತಲೇ ಬಡಿಸಿದ್ದರು. ತನ್ನ ಮಾತು ಅವರಿಗೆ ತಾಗಿಲ್ಲವೆಂದು ಶಂಭುಲಿಂಗ ಅಂದುಕೊಂಡಿದ್ದ. ಗುರುಗಳೂ ಅದನ್ನೇ ಹೇಳಿದರೆ ಅವನ ಮನಸ್ಸು ಹಗುರಾಗುತ್ತಿತ್ತು.

ಗುರುಗಳು ಒಂದು ಕತೆ ಹೇಳಿದರು.

ದೂರದ ಹಿಮದ ಸೀಮೆಯಲ್ಲಿ ಒಬ್ಬ ಬೇಟೆಗಾರನಿದ್ದ. ಚಳಿಗಾಲದಲ್ಲಿ ಕಾಡುಪ್ರಾಣಿಗಳ ಮೈಮೇಲೆ ತುಪ್ಪಳ ದಟ್ಟವಾಗುತ್ತದೆ. ಆ ತುಪ್ಪಳದಿಂದಲೇ ಅವನ ಸಂಸಾರ ನಡೆಯಬೇಕಿತ್ತು. ಅಲ್ಲಿ ಯಾರೂ ಪ್ರಾಣಿಯನ್ನು ಅಟ್ಟಿಸಿಕೊಂಡು ಹೋಗುವುದಿಲ್ಲ. ಕಾಡಿನ ಸುತ್ತ ಒಂದು ದಾರಿ ಮಾಡಿಕೊಂಡು, ಅಲ್ಲಲ್ಲಿ ಕಬ್ಬಿಣದ ಬೋನು ಹೂಡಿ, ಮೇಲೆ ಹಿಮ ಉದುರಿಸಿ, ಪಕ್ಕದಲ್ಲಿ ಒಂದು ಮೀನು ಕಟ್ಟಿ ಮುಂದೆ ಹೋಗುತ್ತಾರೆ. ವಾಸನೆಗೆ ಬಂದ ಪ್ರಾಣಿ ಕಾಲಿಟ್ಟರೆ ಎರಡು ಕಬ್ಬಿಣದ ಪಟ್ಟಿಗಳು ಕಾಲನ್ನು ಕಚ್ಚಿ ಹಿಡಿಯುತ್ತವೆ. ಒಂದು ಸುತ್ತು ಮುಗಿಸಿ ಅದೇ ಬೋನಿಗೆ ಮರಳಲು ಆರು ದಿನ ಬೇಕು. ಅಷ್ಟರಲ್ಲಿ ಚಳಿ ಉಳಿದ ಕೆಲಸ ಮುಗಿಸಿರುತ್ತದೆ. ಬಂದ ದಾರಿಯಲ್ಲಿ ಹಿಂದಕ್ಕೆ ನಡೆಯುವ ಪದ್ಧತಿಯೇ ಅಲ್ಲಿಲ್ಲ.

ಈ ಬೇಟೆಗಾರ ಕಟುಕನೇನಲ್ಲ. ಬೋನಿನಲ್ಲಿ ಅವನಿಗೆ ಸಿಕ್ಕ ನರಿಯಾಗಲಿ, ಕಾಡುಬೆಕ್ಕಾಗಲಿ, ಮೈ ಸುರುಳಿ ಸುತ್ತಿ, ಬಾಲದೊಳಗೆ ಮೂತಿ ಇಟ್ಟು ಮಲಗಿರುತ್ತಿತ್ತು. ಸುತ್ತಲಿನ ಗುರುತನ್ನೆಲ್ಲ ಹೊಸ ಹಿಮ ಮುಚ್ಚಿರುತ್ತಿತ್ತು. ನಿದ್ದೆಯಲ್ಲೇ ಹೋಗಿಬಿಡುತ್ತವೆ, ಎಲ್ಲರಿಗೂ ಅಂಥ ಸಾವು ಬರುತ್ತದೆಯೇ ಎಂದು ಹೆಂಡತಿಗೆ ಹೇಳುತ್ತಿದ್ದ. ಅದು ಸುಳ್ಳಲ್ಲ. ಇಪ್ಪತ್ತೆರಡು ಚಳಿಗಾಲದಲ್ಲಿ ಅವನು ಕಂಡದ್ದು ಅಷ್ಟೇ.

ಕಾಡಿನಲ್ಲಿ ಆಗಾಗ ದೂರದಿಂದ ಒಂದು ಸದ್ದು ಬರುತ್ತಿತ್ತು. ಎಳೆದು, ತುಂಡಾಗಿ, ಮತ್ತೆ ಎಳೆಯುತ್ತಿತ್ತು. ಚಿಕ್ಕಂದಿನಲ್ಲಿ ಅದೇನೆಂದು ತಂದೆಯನ್ನು ಕೇಳಿದ್ದ. ಚಳಿಗೆ ಮರ ಕಿರುಗುಡುತ್ತದೆ ಎಂದು ತಂದೆ ಹೇಳಿದ್ದ. ತಂದೆಗೂ ಅವನ ತಂದೆ ಹಾಗೇ ಹೇಳಿದ್ದ. ಆಮೇಲೆ ಅವನು ಆ ಸದ್ದಿಗೆ ಕಿವಿಗೊಡುವುದನ್ನೇ ಬಿಟ್ಟ.

ಅವನ ಜೊತೆ ಒಂದು ನಾಯಿಯಿತ್ತು. ಆ ಸೀಮೆಯವರು ಹಿಮದಲ್ಲಿ ಹೂತುಹೋಗದಂತೆ, ಮೊರದಗಲದ ಚೌಕಟ್ಟಿಗೆ ತೊಗಲಿನ ಪಟ್ಟಿ ಹೆಣೆದು ಪಾದಕ್ಕೆ ಕಟ್ಟಿಕೊಂಡು ನಡೆಯುತ್ತಾರೆ. ಅವನು ತುಳಿದು ಗಟ್ಟಿಮಾಡಿದ ಜಾಡಿನಲ್ಲೇ ನಾಯಿ ಹಿಂದಿನಿಂದ ಬರಬೇಕು. ಮುಂದೆ ಓಡಿದರೆ ಬೋನಿಗೆ ಸಿಕ್ಕಿಬಿಡುತ್ತದೆಂದು ಮರಿಯಾಗಿದ್ದಾಗಲೇ ಹಾಗೆ ಕಲಿಸಿದ್ದ. ಅವನಿಗೆ ಅದರ ಮೇಲೆ ಪ್ರಾಣ. ಕಾಡಿನಲ್ಲಿ ಬೇರೆ ಯಾರೂ ಇಲ್ಲದ್ದರಿಂದ, ಹಿಂದಿರುಗಿ ನೋಡದೆಯೇ ದಿನವಿಡೀ ಅದರೊಂದಿಗೆ ಮಾತಾಡುತ್ತಿದ್ದ. ನನ್ನ ಹತ್ತಿರ ಇದರ ಕಾಲುಭಾಗ ಮಾತಾಡಿದ್ದರೂ ಸಾಕಿತ್ತು ಎಂದು ಹೆಂಡತಿ ಹಂಗಿಸುತ್ತಿದ್ದಳು.

ಒಂದು ಬೆಳಿಗ್ಗೆ ಎದುರುಗಾಳಿ ಬೀಸುತ್ತಿತ್ತು. ಅವನು ಕಿವಿ ಮುಚ್ಚುವಂತೆ ಟೋಪಿ ಕಟ್ಟಿಕೊಂಡು, ಒಂದು ಬೋನು ಹೂಡಿ, ಮೀನು ಕಟ್ಟಿ ಮುಂದೆ ಸಾಗಿದ. ಎಂದಿನಂತೆ ನಾಯಿಗೆ ಏನೇನೋ ಹೇಳುತ್ತಾ ನಡೆದ. ಮಧ್ಯಾಹ್ನ ಗಾಳಿ ನಿಂತಿತು. ಟೋಪಿ ಬಿಚ್ಚಿ, ರೊಟ್ಟಿ ಮುರಿದು, ನಾಯಿಗೊಂದು ಚೂರು ಕೊಡಲು ತಿರುಗಿದ. ಹಿಂದೆ ಜಾಡು ಮಾತ್ರ ಇತ್ತು. ಬೆಳಗಿನಿಂದ ತಾನು ಯಾರೊಂದಿಗೆ ಮಾತಾಡುತ್ತಿದ್ದೆ ಎಂದು ಅವನಿಗೆ ಗಾಬರಿಯಾಯಿತು.

ಕೂಗಿ ಕರೆದ. ಶಿಳ್ಳೆ ಹಾಕಿದ. ದೂರದಲ್ಲಿ ಮರ ಕಿರುಗುಡುವ ಸದ್ದಲ್ಲದೆ ಬೇರೇನೂ ಕೇಳಲಿಲ್ಲ. ಆ ದಿನ ಮೊದಲ ಬಾರಿಗೆ ಅವನು ತನ್ನದೇ ಜಾಡು ಹಿಡಿದು ಹಿಂದಕ್ಕೆ ಹೊರಟ. ಹೋಗುತ್ತಾ ಹೋಗುತ್ತಾ ಆ ಸದ್ದು ಹತ್ತಿರವಾಯಿತು. ಯಾವ ಮರವಿರಬಹುದೆಂದು ಕತ್ತೆತ್ತಿ ನೋಡಿದ. ಒಂದು ಕೊಂಬೆಯೂ ಅಲುಗುತ್ತಿರಲಿಲ್ಲ. ತಿರುವು ದಾಟಿದ.

ಬೆಳಿಗ್ಗೆ ಹೂಡಿದ ಬೋನಿನಲ್ಲಿ ನಾಯಿಯ ಮುಂಗಾಲು ಸಿಕ್ಕಿಕೊಂಡಿತ್ತು. ಅದು ಎಳೆದಾಡಿದ ರಭಸಕ್ಕೆ ಸುತ್ತಲಿನ ಹಿಮವೆಲ್ಲ ಕಿತ್ತುಹೋಗಿ ಕಪ್ಪು ಮಣ್ಣು ಕಾಣುತ್ತಿತ್ತು. ಕಬ್ಬಿಣ ಕಚ್ಚಿ ಕಚ್ಚಿ ಎರಡು ಹಲ್ಲು ಮುರಿದಿದ್ದವು. ಅದರ ಗಂಟಲಿನಿಂದಲೇ ಆ ಸದ್ದು ಬರುತ್ತಿತ್ತು.

"ನಾನು ಕಣೋ, ನಾನೇ ಕಣೋ," ಎನ್ನುತ್ತಾ ಅವನು ಬಾಗಿದ.

ಎಂಟು ವರ್ಷ ಅವನ ಕೈಯಿಂದಲೇ ತಿಂದ ನಾಯಿ ಅವನ ಕೈಯನ್ನು ಕಚ್ಚಿತು. ರಕ್ತ ಸುರಿಯುತ್ತಿದ್ದರೂ ಅವನು ಬಿಡದೆ, ಪಾದದ ಚೌಕಟ್ಟು ಬಿಚ್ಚಿ ಎಸೆದು, ಎರಡೂ ಕಾಲಿನಿಂದ ಬೋನು ಅದುಮಿ ಬಿಡಿಸಿದ. ನಾಯಿಯನ್ನು ಅಂಗಿಯೊಳಗೆ ಎದೆಗವಚಿಕೊಂಡ. ಹೇಗೋ ಮತ್ತೆ ಚೌಕಟ್ಟು ಕಟ್ಟಿಕೊಂಡು ಮನೆಯ ಕಡೆ ನಡೆದ. ಸ್ವಲ್ಪ ಹೊತ್ತಿಗೆ ಎದೆಯ ಮೇಲಿದ್ದ ನಾಯಿ ನರಳುವುದನ್ನು ನಿಲ್ಲಿಸಿ ಸುಮ್ಮನಾಯಿತು. ಜೀವ ಇದೆಯೋ ಇಲ್ಲವೋ ಎಂದು ನಿಂತು ನೋಡಿದ. ಉಸಿರಾಡುತ್ತಿತ್ತು.

ಆಗ ದಿಬ್ಬದ ಆಚೆಯಿಂದ ಮತ್ತೆ ಅದೇ ಸದ್ದು ಕೇಳಿಬಂತು.

ನಿನ್ನೆ ಅವನು ಬೋನು ಹೂಡಿದ್ದು ಆ ದಿಬ್ಬದ ಆಚೆಯೇ. ಇನ್ನೊಂದು ದಿಕ್ಕಿನಿಂದಲೂ ಸದ್ದು ಬಂತು, ಬಹಳ ಸಣ್ಣಗೆ. ಅಲ್ಲಿ ಹೂಡಿದ್ದು ಮೊನ್ನೆ. ಇಪ್ಪತ್ತೆರಡು ಚಳಿಗಾಲ ಈ ಕೂಗಿನ ನಡುವೆ ತಾನು ಹರಟೆ ಹೊಡೆಯುತ್ತಾ, ರೊಟ್ಟಿ ತಿನ್ನುತ್ತಾ ನಡೆದಿದ್ದೆನೆಂದು ಅವನಿಗೆ ಅರ್ಥವಾಯಿತು. ಅಪ್ಪನಿಗೆ ಇದು ಗೊತ್ತಿತ್ತೋ, ಅವನೂ ಒಮ್ಮೆಯೂ ಹಿಂದಿರುಗಿ ಬಂದಿರಲಿಲ್ಲವೋ ಎಂದು ಯೋಚಿಸಲೂ ಹೆದರಿಕೆಯಾಯಿತು. ನಾಯಿಯನ್ನು ತಬ್ಬಿಕೊಂಡು ಹಿಮದಲ್ಲಿ ಕುಸಿದು ಕೂತ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಂಭುಲಿಂಗ ಕೇಳಿದ: "ನಾಯಿ ಉಳಿಯಿತೇ, ಬುದ್ಧಿ?"

"ಉಳಿಯಿತು. ಒಂದು ಕಾಲು ಹೋಯಿತು. ಮೂರನೆಯ ದಿನ ಬಾಲ ಅಲ್ಲಾಡಿಸುತ್ತಾ ಬಂದು ಅದೇ ಕೈಯಿಂದ ಅನ್ನ ತಿಂದಿತು."

ಶಂಭುಲಿಂಗನ ಮುಖ ಅರಳಿತು. "ಅಂದರೆ ಅದು ಮರೆತುಬಿಟ್ಟಿತಲ್ಲ, ಬುದ್ಧಿ. ಕಾಳಮ್ಮನೂ ಹಾಗೇ ನಕ್ಕರು."

ಗುರುಗಳು ಅವನನ್ನೇ ನೋಡಿ ಕೇಳಿದರು: "ಆ ಮಾತು ಆಡಿದ ಮೇಲೆ ನೀನು ಅಲ್ಲಿ ಎಷ್ಟು ಹೊತ್ತು ನಿಂತಿದ್ದೆ?"